ಓದುಗರ ಪ್ರಶ್ನೆ: ಕಬ್ಸ್ ಕೊಟ್ಟದ್ದೆಷ್ಟು, ಗಳಿಸಿದ್ದೆಷ್ಟು?

ಐಪಿಎಲ್ ಟ್ರೇಡ್ ಅರ್ಥವಾಗುತ್ತದೆ. ಆದರೆ ಬೇಸ್‌ಬಾಲ್‌ನಲ್ಲಿ ಹೆಸರಾಂತ ಆಟಗಾರನನ್ನು ಕೊಟ್ಟು ಯಾರೂ ಕೇಳಿರದ ಹುಡುಗನನ್ನು ತರುತ್ತಾರೆ. 2016ರಲ್ಲಿ ಚಾಂಪಿಯನ್ ಆದ ಶಿಕಾಗೊ ಕಬ್ಸ್ ಹೀಗೇ ತಂಡ ಕಟ್ಟಿತಂತೆ. ಏನಿದರ ಲೆಕ್ಕ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಹೆಸರು ನೋಡಬೇಡಿ, ಆಟಗಾರ ಇನ್ನೆಷ್ಟು ವರ್ಷ ತಂಡದ ಕೈಯಲ್ಲಿರುತ್ತಾನೆ ಎಂಬುದನ್ನು ನೋಡಿ. ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ತುಂಬುವವರೆಗೆ ಆಟಗಾರ ತಾನಾಗಿ ತಂಡ ಬಿಡುವಂತಿಲ್ಲ. ಮೊದಲ ವರ್ಷಗಳಲ್ಲಿ ಸಂಬಳವೂ ಕಡಿಮೆ. ಸೋಲುತ್ತಿರುವ ತಂಡಕ್ಕೆ, ಸೀಸನ್ ಮುಗಿದೊಡನೆ ಹೊರಡುವ ಒಳ್ಳೆಯ ಆಟಗಾರನಿಂದ ಲಾಭವಿಲ್ಲ. ಪಟ್ಟಿಯ ಮೇಲಿರುವ ತಂಡಕ್ಕೆ ಅವನೇ ಬೇಕು. ಅದಕ್ಕೇ ಜುಲೈ ಕೊನೆಯಲ್ಲಿ, ಟ್ರೇಡ್ ಗಡುವಿನ ಹೊತ್ತಿಗೆ, ವ್ಯವಹಾರ ಜೋರು.

2012ರಲ್ಲಿ ಕಬ್ಸ್ 101 ಪಂದ್ಯ ಸೋತಿತು. ಆ ವರ್ಷ ಪಿಚರ್ (ಚೆಂಡೆಸೆಯುವವ) ಡೆಂಪ್‌ಸ್ಟರ್‌ನನ್ನು ಟೆಕ್ಸಸ್‌ಗೆ ಕೊಟ್ಟು ಕೈಲ್ ಹೆಂಡ್ರಿಕ್ಸ್‌ನನ್ನು ತಂದರು. ಐಪಿಎಲ್‌ನಲ್ಲಿ ಆಟಗಾರ ಒಪ್ಪದೆ ಟ್ರೇಡ್ ಆಗುವುದಿಲ್ಲ. ಮೇಜರ್ ಲೀಗ್‌ನಲ್ಲಿ ಬೇಡವೆನ್ನುವ ಹಕ್ಕಿರುವುದು ಒಪ್ಪಂದದಲ್ಲಿ ಹಾಗೆ ಬರೆಸಿಕೊಂಡವರಿಗೆ, ಇಲ್ಲವೇ ಹತ್ತು ವರ್ಷ ಆಡಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವರಿಗೆ. ಡೆಂಪ್‌ಸ್ಟರ್‌ಗೆ ಅದಿತ್ತು. ಅಟ್ಲಾಂಟಾಕ್ಕೆ ಹೋಗಲು ಅವನು ಒಪ್ಪಲಿಲ್ಲ, ಕಬ್ಸ್‌ಗೆ ಅದೇ ಒಳ್ಳೆಯದಾಯಿತು. 2016ರಲ್ಲಿ ಹೆಂಡ್ರಿಕ್ಸ್ ಒಂಬತ್ತು ಇನ್ನಿಂಗ್ಸ್‌ಗೆ (ಅಂದರೆ ಒಂದು ಪೂರ್ಣ ಪಂದ್ಯಕ್ಕೆ) ಸರಾಸರಿ 2.13 ರನ್ ಮಾತ್ರ ಕೊಟ್ಟ. ಆ ವರ್ಷ ಲೀಗಿನಲ್ಲೇ ಅದು ಎಲ್ಲರಿಗಿಂತ ಕಡಿಮೆ.

ಎಲ್ಲಕ್ಕಿಂತ ಜಾಣ ವ್ಯವಹಾರ ನಡೆದದ್ದು 2013ರ ಜುಲೈ 2ರಂದು. ಆ ಸೀಸನ್ನಿಗೆ ಮಾತ್ರ 60 ಲಕ್ಷ ಡಾಲರಿಗೆ ತಂದಿದ್ದ ಪಿಚರ್ ಫೆಲ್ಡ್‌ಮನ್‌ನನ್ನೂ ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಚೆಂಡು ಹಿಡಿಯುವವ) ಕ್ಲೆವೆಂಜರ್‌ನನ್ನೂ ಬಾಲ್ಟಿಮೋರ್‌ಗೆ ಕೊಟ್ಟು ಜೇಕ್ ಅರಿಯೆಟಾ, ಪೆಡ್ರೊ ಸ್ಟ್ರೋಪ್ ಇಬ್ಬರನ್ನೂ ಪಡೆದರು. ಆ ವರ್ಷ ಬಾಲ್ಟಿಮೋರ್‌ನಲ್ಲಿ ಅರಿಯೆಟಾನ ಸರಾಸರಿ 7.23, ಅಂದರೆ ತಂಡದಿಂದ ಕೈಬಿಡುವ ಮಟ್ಟ. ಆದರೆ ಅವನು 2017ರವರೆಗೆ ಕೈಯಲ್ಲಿರುತ್ತಿದ್ದ. ಮೂರು ತಿಂಗಳು ಕೊಟ್ಟು ನಾಲ್ಕೂವರೆ ಸೀಸನ್ ಗಿಟ್ಟಿಸಿದ ಹಾಗಾಯಿತು. 2015ರಲ್ಲಿ ಅವನ ಸರಾಸರಿ 1.77ಕ್ಕೆ ಇಳಿದು, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. 2016ರ ಫೈನಲ್ ಸರಣಿಯ 2 ಮತ್ತು 6ನೇ ಪಂದ್ಯ ಗೆದ್ದುಕೊಟ್ಟವನೂ ಅವನೇ.

ಒಂದು ಟ್ರೇಡ್‌ನಲ್ಲಿ ಬಂದವರನ್ನೇ ಮತ್ತೆ ಕೊಡುವುದುಂಟೇ?
– ಓದುಗರು, ಬೆಟಗೇರಿ, ಗದಗ

ಧಾರಾಳವಾಗಿ. 2014ರ ಜುಲೈನಲ್ಲಿ ಪಿಚರ್‌ಗಳಾದ ಸಮಾರ್ಜಾ, ಹ್ಯಾಮೆಲ್ ಇಬ್ಬರನ್ನೂ ಓಕ್ಲೆಂಡ್‌ಗೆ ಕೊಟ್ಟಾಗ ಮೂವರು ಬಂದರು: ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ಫೀಲ್ಡಿಂಗ್ ಮಾಡುವವ) ಆಡಿಸನ್ ರಸೆಲ್, ಮೆಕಿನಿ, ಸ್ಟ್ರೇಲಿ. ಸ್ಟ್ರೇಲಿ ಜೊತೆ ವಾಲ್ಬುಯೆನಾನನ್ನೂ 2015ರ ಜನವರಿಯಲ್ಲಿ ಹೂಸ್ಟನ್‌ಗೆ ಕೊಟ್ಟು ಡೆಕ್ಸ್‌ಟರ್ ಫೌಲರ್‌ನನ್ನು ತಂದರು. ಮೆಕಿನಿ ಮುಂದೆ 2016ರಲ್ಲಿ ಪಿಚರ್ ಚಾಪ್‌ಮನ್‌ಗಾಗಿ ಹೋದ. ಹ್ಯಾಮೆಲ್ 2014ರ ಕೊನೆಗೆ ಕಬ್ಸ್‌ಗೇ ಮರಳಿದ! 2016ರ ಫೈನಲ್ ಸರಣಿಯ 6ನೇ ಪಂದ್ಯದಲ್ಲಿ ರಸೆಲ್ ಒಂದೇ ಹೊಡೆತಕ್ಕೆ ನಾಲ್ಕು ರನ್ ತಂದರೆ, 7ನೇ ಪಂದ್ಯವನ್ನು ಫೌಲರ್ ಹೋಂ ರನ್‌ನಿಂದಲೇ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಶುರು ಮಾಡಿದ.

ಮೂರು ತಿಂಗಳಿಗೆಂದು ಚಾಪ್‌ಮನ್‌ನನ್ನು ತಂದದ್ದು ತುಟ್ಟಿ ಆಗಲಿಲ್ಲವೇ?
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ತುಟ್ಟಿಯೇ. 2016ರ ಜುಲೈ 25ರಂದು ನ್ಯೂಯಾರ್ಕ್ ಯಾಂಕೀಸ್‌ಗೆ ನಾಲ್ವರನ್ನು ಕೊಡಬೇಕಾಯಿತು. ಅವರಲ್ಲಿದ್ದ 19 ವರ್ಷದ ಗ್ಲೇಬರ್ ಟೊರೆಸ್ 2018 ಮತ್ತು 2019ರಲ್ಲಿ ಆಲ್‌ಸ್ಟಾರ್ ಆದ. ಚಾಪ್‌ಮನ್ 2016ರ ಡಿಸೆಂಬರ್‌ನಲ್ಲೇ 8.6 ಕೋಟಿ ಡಾಲರಿಗೆ ಯಾಂಕೀಸ್‌ಗೇ ವಾಪಸಾದ. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಅದೇ ವರ್ಷದ ಆರಂಭದಲ್ಲಿ ಅವನಿಗೆ 30 ಪಂದ್ಯಗಳ ನಿಷೇಧವಾಗಿತ್ತು, ಹೀಗಾಗಿ ಅವನನ್ನು ತಂದದ್ದಕ್ಕೇ ಅಭಿಮಾನಿಗಳಲ್ಲಿ ಹಲವರ ವಿರೋಧವಿತ್ತು.

ಬರಿ ಆಟದ ಮಟ್ಟಿಗೆ ಹೇಳುವುದಾದರೆ, ಎಡವಟ್ಟಾದದ್ದು ಅವನನ್ನು ಬಳಸಿದ ರೀತಿಯಲ್ಲಿ. ಫೈನಲ್ ಸರಣಿಯ 5ನೇ ಪಂದ್ಯದಲ್ಲಿ 42 ಎಸೆತ ಹಾಕಿದ್ದವನನ್ನು 6ನೇ ಪಂದ್ಯದಲ್ಲಿ 7-2ರಿಂದ ಮುಂದಿದ್ದಾಗಲೂ ಕರೆದರು. ಅಂತರ ಏಳಕ್ಕೇರಿದ ಮೇಲೂ ಒಂಬತ್ತನೇ ಇನ್ನಿಂಗ್ಸ್‌ಗೆ ಕಳಿಸಿದರು. ಮರುದಿನ 7ನೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಕ್ಲೀವ್‌ಲೆಂಡ್‌ನ ರಾಜೈ ಡೇವಿಸ್ ಅವನ ಎಸೆತವನ್ನು ಹೋಂ ರನ್‌ಗೆ ಅಟ್ಟಿ 6-6 ಮಾಡಿದ. ಕಬ್ಸ್ ಹತ್ತನೇ ಇನ್ನಿಂಗ್ಸ್‌ನಲ್ಲಿ 8-7ರಿಂದ ಬಚಾವಾಯಿತು.

ಕೊನೆಯ ಔಟ್ ಪಡೆದ ಮೈಕ್ ಮಾಂಟ್‌ಗೊಮರಿ ಬಂದದ್ದೂ ಟ್ರೇಡ್‌ನಿಂದಲೇ, ಚಾಪ್‌ಮನ್‌ಗಿಂತ ಐದು ದಿನ ಮೊದಲು. ಅವನಿಗಾಗಿ ಸಿಯಾಟಲ್‌ಗೆ ಕೊಟ್ಟವರಲ್ಲಿ ಮುಖ್ಯನಾದವನು ಮೊದಲ ಬೇಸ್ ಕಾಯುವ ವೋಗಲ್‌ಬಾಕ್. ಆ ಜಾಗದಲ್ಲಿ ರಿಜ್ಜೊ ಇರುವವರೆಗೆ ಅವನಿಗೆ ಕಬ್ಸ್‌ನಲ್ಲಿ ಆಟವೇ ಸಿಗುತ್ತಿರಲಿಲ್ಲ. 2019ರಲ್ಲಿ ಮಾಂಟ್‌ಗೊಮರಿಯನ್ನೂ ಕಾನ್ಸಾಸ್ ಸಿಟಿಗೆ ಕೊಟ್ಟು ಒಬ್ಬ ಕ್ಯಾಚರ್‌ನನ್ನು ತಂದರು.