ಮಹಿಳಾ ವಿಭಾಗದ ಅರ್ಜಿ ವಾಪಸಾದರೆ

ಹತ್ತು ಕಿ.ಮೀ. ಓಟದ ಮಹಿಳಾ ವಿಭಾಗಕ್ಕೆ ನಿಮ್ಮ ಟ್ರಾನ್ಸ್ ಗೆಳತಿ ಹಾಕಿದ ಅರ್ಜಿ ವಾಪಸಾಗಲು ಕಾರಣ ಬಹುಶಃ ಆಯೋಜಕರ ಹಟವಲ್ಲ, ಅಥ್ಲೆಟಿಕ್ಸ್‌ನ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್‌ನ ನಿಯಮ. ಪುರುಷ ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರಿಗೆ 2023ರ ಮಾರ್ಚ್ 31ರಿಂದ ವಿಶ್ವ ರ‍್ಯಾಂಕಿಂಗ್ ಸ್ಪರ್ಧೆಗಳ (ಫಲಿತಾಂಶ ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ಸ್ಪರ್ಧೆಗಳ) ಮಹಿಳಾ ವಿಭಾಗದಲ್ಲಿ ಅವಕಾಶವಿಲ್ಲ. ಹಿಂದಿನ ನಿಯಮ ಕೇಳುತ್ತಿದ್ದ, ರಕ್ತದಲ್ಲಿ ಟೆಸ್ಟೊಸ್ಟೆರಾನ್ (ಪುರುಷ ಹಾರ್ಮೋನ್) ಲೀಟರಿಗೆ 5 ನ್ಯಾನೊಮೋಲ್‌ಗಿಂತ ಕಡಿಮೆ ಎಂಬ ವರದಿ ಈಗ ನಡೆಯದು; ಅದನ್ನೇ ಹಿಡಿದು ಹೋಗಿ ನಾವೂ ಬರಿಗೈಯಲ್ಲಿ ಮರಳಿದ್ದೆವು.

ಮೊದಲು ಆ ಓಟ ರ‍್ಯಾಂಕಿಂಗ್ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಆಯೋಜಕರ ಸ್ವಂತ ನಿಯಮವೇನೆಂದು ಇಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಕೊಟ್ಟ ಮಾತು ಓಟದ ಬೆಳಿಗ್ಗೆ ಯಾರಿಗೂ ನೆನಪಿರುವುದಿಲ್ಲ. ಪಟ್ಟಿಯಲ್ಲಿದ್ದರೆ ಮುಕ್ತ ವಿಭಾಗ ಅಥವಾ ಬಹುಮಾನವಿಲ್ಲದ ಓಟ ಕೇಳಿ. ಕೊಟ್ಟೇ ಕೊಡುತ್ತಾರೆ ಎನ್ನಲಾರೆ. ಬಟ್ಟೆ ಬದಲಿಸುವ ಕೊಠಡಿಯ ಪ್ರಶ್ನೆಯನ್ನು ಬೇರೆ ಪತ್ರದಲ್ಲಿ ಬರೆಯಿರಿ. ಒಂದರಲ್ಲೇ ಸೇರಿಸಿದರೆ ಎರಡಕ್ಕೂ ‘ಇಲ್ಲ’ ಎಂಬ ಒಂದೇ ಸಾಲು ಬರುತ್ತದೆ.