ನಲವತ್ತು ಆಟಗಳ ಲೇಖನ ಕಳಿಸಿದವರಿಗೆ

ಹೊಸನಗರದ ಗೆಳೆಯರಿಗೆ ನಮಸ್ಕಾರ.

ನಿಮ್ಮ ‘ಏಷ್ಯನ್ ಗೇಮ್ಸ್: ಒಂದು ಸಮಗ್ರ ನೋಟ’ ತಲುಪಿತು. ಹನ್ನೊಂದು ಪುಟ, ಪೂರ್ತಿ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಒಂದು ಸಾಲಿನಲ್ಲಿ ‘ಪ್ರಕಟಿಸಲಾಗುತ್ತಿಲ್ಲ’ ಅಂತ ಬರೆದು ಮುಗಿಸಬಹುದಿತ್ತು. ಆದರೆ ಏಳನೇ ಪುಟದಲ್ಲಿ ನಾಲ್ಕು ಸಾಲು ಬಹಳ ಚೆನ್ನಾಗಿವೆ. ಆ ನಾಲ್ಕು ಸಾಲಿಗೋಸ್ಕರ ಈ ಪತ್ರ.

ಮೊದಲು ತೊಂದರೆ ಹೇಳಿಬಿಡುತ್ತೇನೆ. ಚೀನಾದ ಹಾಂಗ್‌ಝೌನಲ್ಲಿ ನಡೆದ 2022ರ ಕೂಟದಲ್ಲಿದ್ದ 40 ಕ್ರೀಡೆಗಳನ್ನು ಅಕಾರಾದಿಯಾಗಿ ಜೋಡಿಸಿದ್ದೀರಿ. ಒಂದೊಂದಕ್ಕೂ ನಾಲ್ಕೈದು ಸಾಲು. ತಂಡದಲ್ಲಿ ಎಷ್ಟು ಜನ, ಅಂಕಣ ಎಷ್ಟುದ್ದ, ಚೆಂಡು ಯಾವ ಬಣ್ಣ. ಇದು ಮದುವೆಮನೆಯ ದಿನಸಿ ಚೀಟಿ. ಊಟ ಎಲ್ಲಿದೆ? ಈ ವಿವರ ಬೇಕಾದವರು ಮೊಬೈಲಲ್ಲಿ ಒಂದು ನಿಮಿಷಕ್ಕೆ ನೋಡಿಕೊಳ್ಳುತ್ತಾರೆ. ನಿಮ್ಮನ್ನೇ ಯಾಕೆ ಓದಬೇಕು?

‘ಕ್ರೀಡೆ ಮಾನವ ಜೀವನದ ಅವಿಭಾಜ್ಯ ಅಂಗ’ ಅಂತ ಶುರುವಾಗುವ ಮೊದಲ ಪುಟ ಪೂರ್ತಿ ತೆಗೆಯಿರಿ. ಅದರ ಬಗ್ಗೆ ಇಷ್ಟೇ.

ತಪ್ಪುಗಳೂ ಇವೆ. 2022ರ ಕೂಟ ಅಂತ ಹೆಸರಿದ್ದರೂ ಅದು ಕೋವಿಡ್‌ನಿಂದಾಗಿ ನಡೆದದ್ದು 2023ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಕ್ರಿಕೆಟ್‌ನಲ್ಲಿ ಭಾರತ ‘ಮೊದಲಿನಿಂದಲೂ ಪಾರಮ್ಯ ಮೆರೆದಿದೆ’ ಎಂದಿದ್ದೀರಿ. ಕ್ರಿಕೆಟ್ ಸೇರಿದ್ದೇ 2010ರಲ್ಲಿ. ಆಗಲೂ 2014ರಲ್ಲೂ ನಾವು ತಂಡವನ್ನೇ ಕಳಿಸಲಿಲ್ಲ. 2018ರಲ್ಲಿ ಆ ಆಟವೇ ಇರಲಿಲ್ಲ. ಹಾಂಗ್‌ಝೌನಲ್ಲಿ ಗಂಡಸರ ಫೈನಲ್ ಮಳೆಗೆ ನಿಂತುಹೋಯಿತು. ಅಫ್ಘಾನಿಸ್ತಾನಕ್ಕಿಂತ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದದ್ದಕ್ಕೆ ಚಿನ್ನ ನಮ್ಮದಾಯಿತು. ಮಳೆ ಆಟ ನಿಲ್ಲಿಸುವ ಕಥೆಯನ್ನು ಹೊಸನಗರದವರು ಬರೆಯದೆ ಇನ್ಯಾರು ಬರೆಯಬೇಕು ಹೇಳಿ!

ಇನ್ನೊಂದು ಗೊಂದಲ ಲೇಖನದುದ್ದಕ್ಕೂ ಇದೆ. ಕ್ರೀಡೆ ಎಷ್ಟು, ಪದಕದ ಸ್ಪರ್ಧೆ ಎಷ್ಟು ಎನ್ನುವುದನ್ನು ಬೆರೆಸಿಬಿಟ್ಟಿದ್ದೀರಿ. ಹಾಂಗ್‌ಝೌನಲ್ಲಿ ಕ್ರೀಡೆ 40, ಪದಕದ ಸ್ಪರ್ಧೆ 481. ಈಜು ಒಂದರಲ್ಲೇ 41 ಚಿನ್ನ. ಕಬಡ್ಡಿಯಲ್ಲಿ ಎರಡೇ, ಗಂಡಸರಿಗೊಂದು, ಹೆಂಗಸರಿಗೊಂದು. ನಿಮ್ಮ ಲೇಖನದಲ್ಲಿ ಎರಡಕ್ಕೂ ಸಮ ಜಾಗ. ಭಾರತದ 107 ಪದಕಗಳಲ್ಲಿ ಅಥ್ಲೆಟಿಕ್ಸ್‌ನಿಂದ 29, ಶೂಟಿಂಗ್‌ನಿಂದ 22 ಬಂದವು. ಎರಡೇ ಕ್ರೀಡೆಯಿಂದ ಹತ್ತಿರ ಹತ್ತಿರ ಅರ್ಧ. ನಲವತ್ತೂ ಸಮ ಅಲ್ಲ ಅಂತ ಈ ಲೆಕ್ಕವೇ ಹೇಳುತ್ತದೆ, ಅಲ್ವಾ?

ಈಗ ಮುಖ್ಯ ಮಾತು. 1951ರಲ್ಲಿ ದಿಲ್ಲಿಯಲ್ಲಿ ಮೊದಲ ಕೂಟ ನಡೆದಾಗ ಬಂದದ್ದು 11 ದೇಶ, ಇದ್ದದ್ದು 6 ಕ್ರೀಡೆ. ಆರು ಹೇಗೆ ನಲವತ್ತಾಯಿತು? ಹನ್ನೊಂದು ಪುಟದಲ್ಲಿ ಈ ಪ್ರಶ್ನೆಯನ್ನು ನೀವು ಒಂದು ಸಲವೂ ಕೇಳಿಲ್ಲ. ಆಟಗಳು ತಾವಾಗಿ ಬಂದು ಸೇರುವುದಿಲ್ಲ. ಯಾರೋ ಹಟ ಹಿಡಿದಿರುತ್ತಾರೆ. ಒಲಿಂಪಿಕ್ಸ್‌ನ ಆಟಗಳು ಹೇಗೂ ಇರುತ್ತವೆ. ಅದರ ಮೇಲೆ ಏಷ್ಯಾದ ಬೇರೆ ಬೇರೆ ಭಾಗದವರು ತಮ್ಮ ತಮ್ಮ ಆಟ ಹಿಡಿದು ಬರುತ್ತಾರೆ. ಆಗ್ನೇಯ ಏಷ್ಯಾದವರಿಗೆ ಕಾಲಲ್ಲಿ ವಾಲಿಬಾಲ್ ಆಡುವ ಸೆಪಕ್ ಟಕ್ರಾ, ಮಧ್ಯ ಏಷ್ಯಾದವರಿಗೆ ಕುರಾಶ್ ಕುಸ್ತಿ, ನಮಗೆ ಕಬಡ್ಡಿ. ಕೂಟ ನಡೆಸುವ ದೇಶಕ್ಕೆ ತನಗೆ ಬೇಕಾದ ಕೆಲವನ್ನು ಸೇರಿಸಿಕೊಳ್ಳುವ ಅವಕಾಶ ಬೇರೆ ಇದೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ 2018 ನೋಡಿ. ಜಕಾರ್ತಾದಲ್ಲಿ ಇಂಡೊನೇಷ್ಯಾ ತನ್ನ ಪೆಂಚಾಕ್ ಸಿಲಾತ್ ಎಂಬ ಹೊಡೆದಾಟದ ಕಲೆಯನ್ನು ಸೇರಿಸಿತು. ಅದರಲ್ಲಿದ್ದ 16 ಚಿನ್ನಗಳಲ್ಲಿ 14 ತಾನೇ ಗೆದ್ದಿತು. ಹಿಂದಿನ ಕೂಟದಲ್ಲಿ ಬರೀ 4 ಚಿನ್ನ ಗೆದ್ದಿದ್ದ ದೇಶ ಒಮ್ಮೆಲೇ 31 ಚಿನ್ನಕ್ಕೆ ಏರಿತು. ಹಾಂಗ್‌ಝೌಗೆ ಬರುವಷ್ಟರಲ್ಲಿ ಪೆಂಚಾಕ್ ಸಿಲಾತ್ ಕೂಟದಲ್ಲೇ ಇಲ್ಲ! ನೀವು 40ರ ಪಟ್ಟಿ ಮಾತ್ರ ನೋಡಿದ್ದರಿಂದ ಈ ಕಥೆ ನಿಮಗೆ ಸಿಗಲಿಲ್ಲ. ಬಿಟ್ಟುಹೋದ ಆಟಗಳನ್ನೂ ನೋಡಬೇಕು. ಇಂಡೊನೇಷ್ಯಾದವರನ್ನು ಆಡಿಕೊಳ್ಳುವ ಮೊದಲು ನಮ್ಮದೂ ನೆನಪಿರಲಿ. 1982ರಲ್ಲಿ ದಿಲ್ಲಿಯಲ್ಲಿ ಕೂಟ ನಡೆಸಿದಾಗ ಕುದುರೆ ಸವಾರಿ ಮೊದಲ ಬಾರಿಗೆ ಸೇರಿತು. ಓಡುವ ಕುದುರೆಯ ಮೇಲಿಂದ ಭರ್ಜಿಯಲ್ಲಿ ನೆಲದ ಗೂಟ ಕೀಳುವ ಟೆಂಟ್ ಪೆಗ್ಗಿಂಗ್ ಕೂಡ ಅದರಲ್ಲಿತ್ತು. ಚಿನ್ನ ನಮಗೇ ಬಂತು.

ಅದೇ 1982ರಲ್ಲಿ ಕಬಡ್ಡಿ ಪ್ರದರ್ಶನದ ಆಟವಾಗಿ ಬಂತು, ಪದಕ ಇಲ್ಲದೆ. 1990ರಲ್ಲಿ ಬೀಜಿಂಗ್‌ನಲ್ಲಿ ಪದಕದ ಆಟವಾಯಿತು. ನೀವು ಬರೆದ ಹಾಗೆ 1951ರಿಂದಲೇ ಪದಕಕ್ಕಾಗಿ ಆಡುತ್ತಿದ್ದದ್ದಲ್ಲ. 2014ರ ತನಕ ಗಂಡಸರ ಏಳು ಚಿನ್ನವೂ ನಮ್ಮದೇ. 2018ರಲ್ಲಿ ಇರಾನ್ ನಮ್ಮ ಗಂಡಸರನ್ನು ಸೆಮಿಫೈನಲ್‌ನಲ್ಲಿ, ಹೆಂಗಸರನ್ನು ಫೈನಲ್‌ನಲ್ಲಿ ಸೋಲಿಸಿತು. ಆ ಇರಾನಿ ಹುಡುಗಿಯರಿಗೆ ಕೋಚ್ ಆಗಿದ್ದವರು ಮಹಾರಾಷ್ಟ್ರದ ಶೈಲಜಾ ಜೈನ್. ‘ಕಬಡ್ಡಿಯಲ್ಲಿ ಭಾರತ ಸೋಲರಿಯದ ಸರದಾರ’ ಎನ್ನುವ ನಿಮ್ಮ ಸಾಲಿಗಿಂತ ಈ ಸೋಲೇ ಹೆಚ್ಚು ರುಚಿಯಾಗಿಲ್ಲವೇ?

ನೀವು ಒಂದೊಂದು ಸಾಲಿನಲ್ಲಿ ದಾಟಿಸಿದ ಆಟಗಳಲ್ಲೂ ಇಂಥದ್ದಿದೆ. ಸ್ಕೇಟಿಂಗ್‌ಗೆ ನೀವು ಬರೆದದ್ದು ‘ಚಕ್ರದ ಶೂ ಧರಿಸಿ ಓಡುವ ಕ್ರೀಡೆ’. ಹಾಂಗ್‌ಝೌನಲ್ಲಿ ಗಂಡಸರ 3000 ಮೀಟರ್ ರಿಲೇಯ ಕೊನೆಯಲ್ಲಿ ಮುಂದಿದ್ದ ಕೊರಿಯಾದ ಹುಡುಗ ಗೆದ್ದೆ ಅಂದುಕೊಂಡು ಗೆರೆ ಮುಟ್ಟುವ ಮೊದಲೇ ಕೈ ಎತ್ತಿಬಿಟ್ಟ. ಹಿಂದಿದ್ದ ತೈವಾನ್‌ನವನು ಕಾಲು ಚಾಚಿದ. ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಚಿನ್ನ ಕೈ ಬದಲಾಯಿಸಿತು. ಕೊರಿಯಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಗಂಡುಮಕ್ಕಳಿಗೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಇದೆ. ಆ ಎತ್ತಿದ ಕೈಗೆ ಎಷ್ಟು ಬೆಲೆ ಲೆಕ್ಕ ಹಾಕಿ. ಅದೇ ಓಟದಲ್ಲಿ ಕಂಚು ಭಾರತಕ್ಕೆ! ಇನ್ನು ಬ್ರಿಡ್ಜ್. 2018ರಲ್ಲಿ ಇಸ್ಪೀಟ್ ಎಲೆ ಹಿಡಿದು ಚಿನ್ನ ತಂದ ಪ್ರಣಬ್ ಬರ್ಧನ್ ಅವರಿಗೆ ಆಗ 60 ವರ್ಷ, ಜೊತೆಗಿದ್ದವರು ಶಿವನಾಥ ಸರ್ಕಾರ್. ಆಷಾಢದ ಮಳೆಗೆ ಜಗಲಿಯಲ್ಲಿ ಇಸ್ಪೀಟ್ ಹಾಕಿ ಮನೆಯವರಿಂದ ಬೈಸಿಕೊಳ್ಳುವವರಿಗೆ ಇದನ್ನು ಓದಿ ಹೇಳಿ. ನಿಮ್ಮ ಲೇಖನ ಮನೆಮನೆಗೆ ತಲುಪುತ್ತದೆ.

ಈಗ ಏಳನೇ ಪುಟ. ನಿಮ್ಮ ಚಿಕ್ಕಪ್ಪನ ಮಗ ಕಬಡ್ಡಿಗಾಗಿ ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಶಿವಮೊಗ್ಗಕ್ಕೆ ಹೋದದ್ದು. ಊರ ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಜಾರಿಸಿ ನಿಲ್ಲುತ್ತಿದ್ದವನಿಗೆ ಮ್ಯಾಟ್ ಮೇಲೆ ಶೂ ಕಚ್ಚಿಕೊಂಡು ಮಂಡಿ ತಿರುಗಿತು ಅಂತ ಬರೆದಿದ್ದೀರಿ. ಮುಂದಿನ ಸಾಲಿಗೇ ಗಾಲ್ಫ್‌ಗೆ ಹಾರಿಬಿಟ್ಟಿರಿ! ಅಲ್ಲೇ ನಿಲ್ಲಬೇಕಿತ್ತು. ಅಂತರರಾಷ್ಟ್ರೀಯ ಕಬಡ್ಡಿ ನಡೆಯುವುದು ಮ್ಯಾಟ್ ಮೇಲೆ, ಸೂರಿನ ಕೆಳಗೆ. ನಮ್ಮಲ್ಲಿ ಮಳೆಗಾಲ ಪೂರ್ತಿ ಬಯಲಿಗೆ ಇಳಿಯುವ ಹಾಗಿಲ್ಲ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಹೊನಲು ಬೆಳಕಿನ ಪಂದ್ಯಾವಳಿ, ಅದೂ ಮಣ್ಣಲ್ಲೇ ಜಾಸ್ತಿ. ನಮ್ಮದೇ ಆಟವನ್ನು ಏಷ್ಯಾ ಮಟ್ಟಕ್ಕೆ ಒಯ್ದೆವು. ಒಯ್ದ ಮೇಲೆ ಅದು ಹಳ್ಳಿಯ ಹುಡುಗನಿಗೆ ಹತ್ತಿರವಾಯಿತೋ ದೂರವಾಯಿತೋ? ಲೇಖನ ಇದು. ಉತ್ತರ ನನಗೆ ಬೇಕಿಲ್ಲ, ನಿಮ್ಮ ಹುಡುಕಾಟ ಬೇಕು.

ಅದಕ್ಕಾಗಿ ಮನೆಯಿಂದ ಹೊರಡಿ. ತಾಲೂಕಿನ ದೈಹಿಕ ಶಿಕ್ಷಕರಲ್ಲಿ ಇಬ್ಬರನ್ನು ಮಾತಾಡಿಸಿ. ಮ್ಯಾಟ್ ಎಲ್ಲಿದೆ, ಯಾರಿಗೆ ಸಿಗುತ್ತದೆ, ಮಳೆಗಾಲದಲ್ಲಿ ಎಲ್ಲಿ ಹಾಸುತ್ತಾರೆ ಕೇಳಿ. ಆಡುವ ಹುಡುಗಿಯರನ್ನು ಮರೆಯಬೇಡಿ. 2014ರಲ್ಲಿ ಕೊರಿಯಾದ ಇಂಚಿಯಾನ್‌ನಲ್ಲಿ ಚಿನ್ನ ಗೆದ್ದ ಕಬಡ್ಡಿ ತಂಡದ ಮಮತಾ ಪೂಜಾರಿ ಕಾರ್ಕಳ ಕಡೆಯವರು. 2010ರಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜೆಯ ಊರು ಉಡುಪಿ ಜಿಲ್ಲೆಯ ಸಿದ್ದಾಪುರದ ಬಳಿಯ ಜನ್ಸಾಲೆ. ನಿಮ್ಮೂರಿಂದ ಘಟ್ಟ ಇಳಿದರೆ ಸಿಗುವ ಸೀಮೆ. ಹನ್ನೊಂದು ಪುಟದಲ್ಲಿ ಇವರ ಹೆಸರೇ ಇಲ್ಲ. ಹೆಮ್ಮೆ ಪಡಲು ಹೇಳುತ್ತಿಲ್ಲ, ಅದು ಸುಲಭ. ಅವರು ಎಲ್ಲಿ ಅಭ್ಯಾಸ ಮಾಡಿದರು, ಊರು ಬಿಡಬೇಕಾಯಿತೇ ಅಂತ ವಿಚಾರಿಸಿ.

ಬೇರೆ ಖಂಡಗಳ ಬಗ್ಗೆ ಕೊನೆಯಲ್ಲಿ ಹಾಕಿರುವ ಪುಟ ಬೇಡ. ಹೋಲಿಕೆಗೆ ಒಂದು ಸಾಲು ಸಾಕು: ಪ್ಯಾನ್ ಅಮೆರಿಕನ್ ಕೂಟದಲ್ಲಿ ಗೋಡೆಗೆ ಚೆಂಡು ಹೊಡೆಯುವ ಬಾಸ್ಕ್ ಪೆಲೋಟಾ ಇದೆ, ನಮ್ಮಲ್ಲಿ ಕಬಡ್ಡಿ ಇದ್ದ ಹಾಗೆ.

ಒಂಬೈನೂರು ಪದ ಮೀರದಿರಲಿ. ನಲವತ್ತರಲ್ಲಿ ಮೂರೋ ನಾಲ್ಕೋ ಆಟ ಇಟ್ಟುಕೊಳ್ಳಿ, ಕಬಡ್ಡಿಗೆ ಅರ್ಧ ಜಾಗ ಕೊಡಿ. ಅಂಕಿ-ಅಂಶ ಎಲ್ಲಿಂದ ಸಿಕ್ಕಿತು ಅಂತ ಬೇರೆ ಹಾಳೆಯಲ್ಲಿ ಬರೆದು ಕಳಿಸಿ. ಅಚ್ಚಿಗಲ್ಲ, ನಾವು ತಾಳೆ ನೋಡಲು. ಮುಂದಿನ ಕೂಟ ಜಪಾನಿನ ಐಚಿ-ನಾಗೋಯಾದಲ್ಲಿ 2026ರ ಸೆಪ್ಟೆಂಬರ್ 19ಕ್ಕೆ ಶುರು. ಅದಕ್ಕೆ ಮುಂಚಿನ ಸಂಚಿಕೆಯಲ್ಲಿ ಹಾಕುವ ಆಸೆ ನನಗಿದೆ. ಶ್ರಾವಣ ಹುಟ್ಟುವುದರೊಳಗೆ ನನ್ನ ಕೈ ಸೇರಬೇಕು. ಚಿಕ್ಕಪ್ಪನ ಮಗನ ಹೆಸರು ಹಾಕುವುದಾದರೆ ಅವನನ್ನು ಕೇಳಿಯೇ ಹಾಕಿ. ಗೌರವಧನ ಕಡಿಮೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಇತಿ,
ಸಂಪಾದಕ