ಈಜುಕೊಳದಿಂದ ಕಡಲಿಗೆ ಇಳಿಯುವ ಮುನ್ನ ಏನು ಕಲಿಯಬೇಕು?

ಕೊಳದಲ್ಲಿ ಒಂದು ಕಿಲೋಮೀಟರ್ ಸಲೀಸಾಗಿ ಈಜುತ್ತೇನೆ, ಸಮುದ್ರದಲ್ಲಿ ಹೇಗೆ ಶುರು ಮಾಡಲಿ ಎಂದು ಕೇಳಿದ್ದೀರಿ. ದಮ್ಮು ನಿಮಗಿದೆ, ಕಲಿಯಬೇಕಾದದ್ದು ಬೇರೆ. ಕೊಳದ ತಳದಲ್ಲಿ ದಾರಿ ತೋರಿಸುವ ಕಪ್ಪು ಗೆರೆ ಇರುತ್ತದೆ, ಕಡಲಲ್ಲಿ ಅದಿಲ್ಲ. ಆರೆಂಟು ಸಲ ಕೈ ಬೀಸಿದ ಮೇಲೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲೆ ತಂದು, ದಡದ ತೆಂಗಿನಮರವನ್ನೋ ಕಟ್ಟಡವನ್ನೋ ಗುರುತಾಗಿಟ್ಟು ಈಜಬೇಕು. ಇದನ್ನು ಕೊಳದಲ್ಲೇ ರೂಢಿ ಮಾಡಿಕೊಳ್ಳಿ. ಎರಡೂ ಬದಿಗೆ ಉಸಿರೆಳೆಯಲು ಬರಲಿ, ಅಲೆ ಬರುವ ಕಡೆಗೆ ಬಾಯಿ ತೆರೆಯಬೇಕಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬೇಡಿ. ಮಳೆಗಾಲ ಕಳೆದ ಮೇಲೆ, ಬೆಳಗ್ಗೆ ಗಾಳಿ ಏಳುವ ಮುಂಚೆ, ಅಲ್ಲಿನ ಮೀನುಗಾರರನ್ನು ಕೇಳಿಕೊಂಡೇ ಇಳಿಯಿರಿ. ಜೊತೆಗೊಬ್ಬರು ಅನುಭವಿ ಇರಲಿ, ಕಿತ್ತಳೆ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟುವ ತೇಲುಚೀಲ ಇರಲಿ. ಮೊದಲ ದಿನಗಳಲ್ಲಿ ದಡಕ್ಕೆ ಸಮಾನಾಂತರವಾಗಿ ಹತ್ತು ನಿಮಿಷ ಸಾಕು.

ಈಜುವವರನ್ನು ಕಡಲಿನತ್ತ ಎಳೆದೊಯ್ಯುವ ನೀರಿನ ಸೆಳೆತದ ಬಗ್ಗೆ ಒತ್ತಿ ಹೇಳುತ್ತೇನೆ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ನಯವಾಗಿ ಕಾಣುವ ಪಟ್ಟಿಯೇ ಎಷ್ಟೋ ಸಲ ಅಪಾಯದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದಲೇ ಹಿಂದಕ್ಕೆ ಹರಿಯುತ್ತದೆ. ಸಿಕ್ಕಿಕೊಂಡರೆ ದಡದತ್ತ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ, ಎಳೆತ ಸಡಿಲಾದ ಮೇಲೆ ದಡಕ್ಕೆ ತಿರುಗಿ. ಕೈ ಸೋತರೆ ಅಂಗಾತ ತೇಲುತ್ತಾ ಕೈಯೆತ್ತಿ ಕರೆಯಿರಿ.